ಹಿಮನದಿ ನೋಡಲು ಯಾವ ತಿಂಗಳು, ಯಾವ ಬೆಟ್ಟ, ಯಾವ ಬೆಳಗು

ನನ್ನ ಮೊದಲ ಹಿಮನದಿ ಒಂದು ಬಿಳಿ ಗೋಡೆಯಾಗಿತ್ತು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ ಎಂಬ ಬೆಟ್ಟದ ಏಣಿನಲ್ಲಿ, 3,571 ಮೀಟರ್ ಎತ್ತರದ ಸ್ಫಿಂಕ್ಸ್ ವೀಕ್ಷಣಾಲಯದ ಜಗಲಿಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅತ್ತೆ: ಸೀರೆ, ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಹೆಂಡತಿಯ ಕೋಟು, ಕಾಲಿಗೆ ಎರಡು ಜೊತೆ ಕಾಲುಚೀಲ. ಎದುರಿಗೆ ಇರಬೇಕಾದದ್ದು ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಆಲೆಚ್. ಇದ್ದದ್ದು ಹಾಲಿನಂಥ ಮಂಜು. ಹಳದಿ ಕೊಕ್ಕಿನ ಕರಿಹಕ್ಕಿಯೊಂದು ಬಿಸ್ಕತ್ತಿನ ಆಸೆಗೆ ಕಂಬಿಯ ತನಕ ಬಂದು, ರೆಕ್ಕೆ ಬಡಿದ ಮರುಗಳಿಗೆಯಲ್ಲೇ ಕಾಣೆಯಾಯಿತು. ‘ಮುಳ್ಳಯ್ಯನಗಿರಿಯಲ್ಲೂ ಹೀಗೇ ಇತ್ತಲ್ಲ, ಅಲ್ಲಿ ಟಿಕೆಟ್ ಇರಲಿಲ್ಲ’ ಎಂದರು ಅತ್ತೆ.

ತಪ್ಪು ಬೆಟ್ಟದ್ದಲ್ಲ. ಎರಡು ತಿಂಗಳ ಮೊದಲೇ ಬೆಂಗಳೂರಿನಲ್ಲಿ ಕುಳಿತು, ಇಂಥ ಮಂಗಳವಾರ ಇಂಥ ರೈಲು ಎಂದು ಹಣ ಕಟ್ಟಿದ್ದವನು ನಾನೇ. ಆ ಸಂಜೆ ಹೋಟೆಲಿನಲ್ಲಿ ಬೇಸರಕ್ಕೆ ಬೇರೆ ಬೇರೆ ಬೆಟ್ಟಗಳ ಕ್ಯಾಮೆರಾ ಚಿತ್ರಗಳನ್ನು ನೋಡುತ್ತಾ ಹೋದೆ. ಅದೇ ಹಿಮನದಿಯ ತೆಂಕಣ ದಂಡೆಯ ಮೇಲೆ, ಬೆಟ್‌ಮರ್‌ಹಾರ್ನ್ ಎಂಬ ಇನ್ನೊಂದು ಗುಡ್ಡದಲ್ಲಿ, ಮಧ್ಯಾಹ್ನವಿಡೀ ಬಿಸಿಲು ಕಾಯುತ್ತಿತ್ತು. ಹಕ್ಕಿ ಹಾರುವ ದಾರಿಯಲ್ಲಿ ಲೆಕ್ಕ ಹಾಕಿದರೆ ನಾವು ನಿಂತಿದ್ದಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ನಮ್ಮವರು ಸಾಮಾನ್ಯವಾಗಿ ಮೊದಲು ಬೆಟ್ಟ ಆರಿಸುತ್ತಾರೆ, ಅದಕ್ಕೆ ದಿನ ಗೊತ್ತುಮಾಡುತ್ತಾರೆ, ಹವಾಮಾನವನ್ನು ದೇವರಿಗೆ ಬಿಡುತ್ತಾರೆ. ನಾನೀಗ ಇದನ್ನು ತಲೆಕೆಳಗು ಮಾಡಿದ್ದೇನೆ: ಮೊದಲು ತಿಂಗಳು, ಆಮೇಲೆ ತಂಗುವ ಊರು, ಯಾವ ಬೆಟ್ಟ ಎಂಬುದು ಆ ದಿನದ ಬೆಳಿಗ್ಗೆ ಏಳು ಗಂಟೆಗೆ. ಕೆಳಗಿನ ಹೋಲಿಕೆಯೆಲ್ಲ ಈ ಕ್ರಮದಲ್ಲೇ ಇದೆ.

ಬೇಸಿಗೆ ರಜೆಯೋ ದಸರಾ ರಜೆಯೋ

ಕರ್ನಾಟಕದಿಂದ ಹೋಗುವ ಕುಟುಂಬಗಳಲ್ಲಿ ಹೆಚ್ಚಿನವು ಏಪ್ರಿಲ್, ಮೇ ತಿಂಗಳಲ್ಲಿ ಹೊರಡುತ್ತವೆ. ಮಕ್ಕಳಿಗೆ ರಜೆ, ಇಲ್ಲಿ ಸೆಕೆ, ಅಲ್ಲಿ ಹಿಮ. ಹಿಮದಲ್ಲಿ ಹೊರಳಾಡಬೇಕು, ಉಂಡೆ ಕಟ್ಟಿ ಎಸೆದಾಡಬೇಕು ಎನ್ನುವುದೇ ಆಸೆಯಾದರೆ ಮೇ ಚೆನ್ನಾಗಿದೆ, ಮುಂದೆ ಓದುವ ಅಗತ್ಯವೂ ಅಷ್ಟಿಲ್ಲ. ಆದರೆ ಹಿಮನದಿಯನ್ನು ನೋಡಬೇಕು ಎಂದರೆ ಮೇ ತಿಂಗಳು ಮೋಸ. ಚಳಿಗಾಲದ ಹಿಮ ಇನ್ನೂ ಕರಗಿರುವುದಿಲ್ಲ. ಹಿಮನದಿ, ಅದರ ಪಕ್ಕದ ಇಳಿಜಾರು, ಕಲ್ಲು, ಬಿರುಕು ಎಲ್ಲವೂ ಒಂದೇ ಬಿಳಿ ಹೊದಿಕೆಯ ಕೆಳಗೆ ಮಲಗಿರುತ್ತವೆ. ನದಿ ಯಾವುದು, ದಂಡೆ ಯಾವುದು ತಿಳಿಯದು. ನೀಲಿ ಮಂಜುಗಡ್ಡೆ, ಅಡ್ಡಡ್ಡ ಸೀಳಿದ ಬಿರುಕುಗಳು, ನದಿ ಹೊತ್ತು ತರುವ ಕಲ್ಲುಮಣ್ಣಿನ ಪಟ್ಟೆಗಳು ಕಾಣಬೇಕಾದರೆ ಮೇಲಿನ ಹೊಸ ಹಿಮ ಕರಗಿ ಹೋಗಬೇಕು. ಅದು ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕದ ಕೆಲಸ.

ಇನ್ನೊಂದು ತೊಡಕೂ ಇದೆ. ಚಳಿಗಾಲದ ಸ್ಕೀ ಮುಗಿದು ಬೇಸಿಗೆಯ ನಡಿಗೆ ಶುರುವಾಗುವ ನಡುವೆ, ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ, ಅನೇಕ ಕೇಬಲ್ ಕಾರುಗಳನ್ನು ದುರಸ್ತಿಗೆ ನಿಲ್ಲಿಸುತ್ತಾರೆ. ಆಲೆಚ್‌ನ ತೆಂಕಣ ಬೆಟ್ಟಗಳಲ್ಲಿ ಹಳ್ಳಿಯ ತನಕದ ಕೇಬಲ್ ಕಾರು ಓಡುತ್ತದೆ, ಶಿಖರದ್ದು ಓಡುವುದಿಲ್ಲ. ಯುಂಗ್‌ಫ್ರೌಯೋಖ್‌ಗೆ ಮತ್ತು ಜೆರ್ಮಾಟ್ ಊರಿನ ಮೇಲಿನ ಗೋರ್ನರ್‌ಗ್ರಾಟ್ ಬೆಟ್ಟಕ್ಕೆ ಹೋಗುವ ರೈಲುಗಳು ವರ್ಷವಿಡೀ ಓಡುತ್ತವೆ, ಹಾಗಾಗಿ ಮೇ ತಿಂಗಳ ಪ್ರವಾಸಿಗರೆಲ್ಲ ಅಲ್ಲಿಗೇ ಮುಗಿಬೀಳುತ್ತಾರೆ. ಏಪ್ರಿಲ್‌ನ ಆಕಾಶವನ್ನೂ ನಂಬುವಂತಿಲ್ಲ. 2025ರ ಏಪ್ರಿಲ್ ಮಧ್ಯದಲ್ಲಿ ಒಂದೇ ಸಮನೆ ಹಿಮ ಸುರಿದು ಜೆರ್ಮಾಟ್‌ಗೆ ರೈಲು, ರಸ್ತೆ ಎರಡೂ ಕಡಿದುಹೋಗಿದ್ದವು.

ಜುಲೈ, ಆಗಸ್ಟ್‌ನಲ್ಲಿ ಎಲ್ಲವೂ ತೆರೆದಿರುತ್ತದೆ, ಹಗಲು ಉದ್ದ, ಜನವೂ ಹೆಚ್ಚು. ಆದರೆ ಅದು ಅಲ್ಲಿನ ಗುಡುಗಿನ ಕಾಲ. ಬೆಳಿಗ್ಗೆ ತೊಳೆದಿಟ್ಟಂಥ ಆಕಾಶ. ಹನ್ನೊಂದರ ಹೊತ್ತಿಗೆ ಶಿಖರಗಳ ನೆತ್ತಿಯ ಮೇಲೆ ಹತ್ತಿಯ ಉಂಡೆಗಳು. ಮಧ್ಯಾಹ್ನ ಮೂರಕ್ಕೆ ಗುಡುಗು, ಆಲಿಕಲ್ಲು. ನಮ್ಮ ಮುಂಗಾರುಪೂರ್ವ ಮಳೆಯ ಗುಣವೇ. ಹಾಗಾಗಿ ಈ ಎರಡು ತಿಂಗಳಲ್ಲಿ ಮೊದಲ ರೈಲಿನಲ್ಲಿ ಹೋಗುವವನಿಗೆ ಹಿಮನದಿ, ತಿಂಡಿ ಮುಗಿಸಿ ನಿಧಾನಕ್ಕೆ ಹೊರಡುವವನಿಗೆ ಮೋಡ.

ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ಭಾಗ, ಅಂದರೆ ನಮ್ಮ ದಸರಾ ರಜೆ. ಗುಡುಗಿನ ಅಬ್ಬರ ಇಳಿದಿರುತ್ತದೆ, ಒಮ್ಮೆ ಬಿಸಿಲು ಹಿಡಿದರೆ ನಾಲ್ಕೈದು ದಿನ ಬಿಡದು. ಬೇಸಿಗೆಯಿಡೀ ಕರಗಿ ಕರಗಿ ಹಿಮನದಿಯ ಮೈಯೆಲ್ಲ ಬರಿದಾಗಿ ಮೂಳೆಮೂಳೆ ಕಾಣುತ್ತದೆ. ಶಿಖರದ ಕೇಬಲ್ ಕಾರುಗಳು ಸಾಮಾನ್ಯವಾಗಿ ಅಕ್ಟೋಬರ್ ಎರಡನೆಯ ಭಾಗದವರೆಗೆ ಓಡುತ್ತವೆ. ನವೆಂಬರ್‌ಗೆ ಹೋಗಬೇಡಿ, ಬಹುಪಾಲು ಎಲ್ಲವೂ ಮತ್ತೆ ದುರಸ್ತಿಗೆ ಮುಚ್ಚಿರುತ್ತದೆ, ಹೋಟೆಲುಗಳೂ ಬಾಗಿಲು ಹಾಕಿರುತ್ತವೆ.

ಆಗುಂಬೆ ಒಂದು ಕಡೆ, ಚಿತ್ರದುರ್ಗ ಒಂದು ಕಡೆ

ಹಿಮನದಿಗಳ ಈ ಸೀಮೆಯ ಹವಾಮಾನವನ್ನು ಕನ್ನಡಿಗನಿಗೆ ವಿವರಿಸುವುದು ಸುಲಭ. ಪಶ್ಚಿಮ ಘಟ್ಟ ನಮಗೆ ಮಾಡಿದ್ದನ್ನೇ ಬರ್ನೀಸ್ ಆಲ್ಪ್ಸ್ ಎಂಬ ಗೋಡೆ ಅಲ್ಲಿ ಮಾಡುತ್ತದೆ. ವಾಯವ್ಯದಿಂದ, ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿ ಮೊದಲು ಉತ್ತರದ ಇಂಟರ್‌ಲಾಕನ್, ಗ್ರಿಂಡೆಲ್‌ವಾಲ್ಡ್ ಊರುಗಳ ಕಡೆ ತನ್ನ ಚೀಲ ಖಾಲಿ ಮಾಡುತ್ತದೆ. ಐಗರ್, ಮೋಂಖ್, ಯುಂಗ್‌ಫ್ರೌ ಎಂಬ ಮೂರು ಶಿಖರಗಳ ಸಾಲನ್ನು ದಾಟಿ ದಕ್ಷಿಣದ ವಾಲೆ ಪ್ರಾಂತಕ್ಕೆ ಇಳಿಯುವಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ವಾಲೆಯ ವಿಸ್ಪ್, ಸ್ಟಾಲ್ಡನ್ ಸುತ್ತಮುತ್ತ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿನವರು ಶತಮಾನಗಳಿಂದ ಹಿಮನದಿಯ ನೀರನ್ನು ಬಂಡೆಯ ಪಕ್ಕೆಯಲ್ಲಿ ಮರದ ದೋಣಿಗಾಲುವೆ ಕಟ್ಟಿ ಹೊಲಕ್ಕೆ ತಂದವರು. ಚಿತ್ರದುರ್ಗದವರಿಗೆ ಕೆರೆ ಹೇಗೋ ಅವರಿಗೆ ಈ ಕಾಲುವೆ ಹಾಗೆ.

ಇದರಿಂದ ಸಿಗುವ ನಿಯಮ ಸರಳ. ಗಾಳಿ ವಾಯವ್ಯದಿಂದ ಬೀಸುತ್ತಿದ್ದರೆ ದಕ್ಷಿಣಕ್ಕೆ ಹೋಗಿ. ಅತ್ತೆಯ ಜೊತೆ ನಾನು ಮಂಜಿನಲ್ಲಿ ನಿಂತಿದ್ದ ಆ ಮಂಗಳವಾರ ಇದೇ ಆಗಿತ್ತು.

ಗಾಳಿ ದಕ್ಷಿಣದಿಂದ ಬಂದರೆ ಲೆಕ್ಕ ತಿರುಗುತ್ತದೆ. ಹೈಸ್ಕೂಲಿನ ಭೂಗೋಳದಲ್ಲಿ ಚಿನೂಕ್ ಜೊತೆಗೆ ಬಾಯಿಪಾಠ ಮಾಡಿದ ಫಾನ್ ಎಂಬ ಬಿಸಿಗಾಳಿ ಇದೇ. ಇಟಲಿಯ ಕಡೆ ಮಳೆ ಸುರಿಸಿ, ಒಣಗಿ, ಉತ್ತರದ ಕಣಿವೆಗಳಿಗೆ ಧುಮ್ಮಿಕ್ಕುತ್ತದೆ. ಆ ದಿನ ಇಂಟರ್‌ಲಾಕನ್‌ನಲ್ಲಿ ನಿಂತರೆ ಯುಂಗ್‌ಫ್ರೌ ಶಿಖರ ಎದುರುಮನೆಯ ಮಾಳಿಗೆಯಷ್ಟು ಹತ್ತಿರ ಕಾಣುತ್ತದೆ. ಮರುಳಾಗಬೇಡಿ, ಮೇಲಿನ ಏಣಿನ ಮೇಲೆ ಬಿರುಗಾಳಿ ಇರುತ್ತದೆ, ಕೇಬಲ್ ಕಾರುಗಳು ನಿಲ್ಲುತ್ತವೆ, ಜೆರ್ಮಾಟ್ ಕಡೆ ಇಟಲಿಯ ಗಡಿಯ ಮೇಲೆ ಮೋಡದ ಗೋಡೆ ನಿಂತಿರುತ್ತದೆ. ಫಾನ್ ದಿನ ಸರೋವರದ ದಂಡೆಯಲ್ಲಿ ಕುಳಿತು ನೋಡುವುದೇ ಸುಖ. ಅದು ಬಿದ್ದ ಮರುದಿನ ಮಳೆ ಬರುವ ಸಾಧ್ಯತೆ ಹೆಚ್ಚು.

ವಾಲೆ ಎಂದರೆ ಸದಾ ಬಿಸಿಲು ಎಂದು ತಿಳಿಯಬೇಡಿ. 2024ರ ಜೂನ್‌ನಲ್ಲಿ ಪ್ರವಾಹ ಬಂದು ವಿಸ್ಪ್–ಜೆರ್ಮಾಟ್ ರೈಲು ನಿಂತದ್ದೂ ಇದೇ ಒಣಸೀಮೆಯಲ್ಲಿ.

ಯುಂಗ್‌ಫ್ರೌಯೋಖ್: ಹಿಮನದಿಯ ತವರು

ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 3,454 ಮೀಟರ್. ಅಡಾಲ್ಫ್ ಗೂಯರ್-ಜೆಲ್ಲರ್ ಎಂಬ ಉದ್ಯಮಿಯ ಕನಸು. 1896ರಲ್ಲಿ ಅಗೆಯಲು ಶುರುಮಾಡಿ, ಐಗರ್ ಮತ್ತು ಮೋಂಖ್ ಬೆಟ್ಟಗಳ ಹೊಟ್ಟೆಯೊಳಗೆ ಏಳು ಕಿಲೋಮೀಟರ್ ಸುರಂಗ ಕೊರೆದು 1912ರಲ್ಲಿ ಮುಗಿಸಿದರು. 2020ರ ಡಿಸೆಂಬರ್‌ನಲ್ಲಿ ಬಂದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು ಗ್ರಿಂಡೆಲ್‌ವಾಲ್ಡ್‌ನಿಂದ ಹದಿನೈದು ನಿಮಿಷದಲ್ಲಿ ಐಗರ್‌ಗ್ಲೆಚರ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಸುರಂಗದ ರೈಲು.

ಸುರಂಗ ಇರುವುದರಿಂದ ಮಳೆಗೂ ಹಿಮಕ್ಕೂ ಈ ರೈಲು ಅಂಜುವುದಿಲ್ಲ. ಅದೇ ಇದರ ಬಲ, ಅದೇ ಇದರ ಬಲೆ. ಎಂಥ ಕೆಟ್ಟ ದಿನವೂ ನಿಮ್ಮನ್ನು ಮೇಲೆ ಕರೆದೊಯ್ಯುತ್ತದೆ, ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾರೆ. ಮೇಲೆ ಏನು ಕಾಣುತ್ತದೆ ಎಂಬುದು ನಿಮ್ಮ ತಲೆನೋವು. ಕೌಂಟರಿನ ಮೇಲ್ಗಡೆ ಪರದೆಯಲ್ಲಿ ಶಿಖರದ ನೇರ ಚಿತ್ರ ಬರುತ್ತಿರುತ್ತದೆ. ಅದನ್ನು ನೋಡದೆ ಕಾರ್ಡ್ ಹೊರತೆಗೆಯಬೇಡಿ. ಬೇಸಿಗೆಯಲ್ಲಿ ಒಬ್ಬರಿಗೆ 200 ಫ್ರಾಂಕ್ ದಾಟುವ ಟಿಕೆಟ್ ಇದು. ಪ್ರವಾಸಿಗರ ರೈಲುಪಾಸಾದ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್‌ನಿಂದ ಮೇಲಕ್ಕೆ ರಿಯಾಯಿತಿ ಮಾತ್ರ, ಅದೂ ಕಾಲು ಭಾಗ.

ಇಲ್ಲಿಂದ ಕಾಣುವುದು ಹಿಮನದಿಯ ತಲೆಕಾವೇರಿ. ಹಿಮ ಬಿದ್ದು, ಒತ್ತಿ, ಗಡ್ಡೆಯಾಗಿ ಹರಿಯಲು ಶುರುವಾಗುವ ಜಾಗ. ಆಗಸ್ಟ್‌ನಲ್ಲೂ ಬಿಳಿ. ವರ್ಷದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು ಏಳು ಡಿಗ್ರಿ ಕೆಳಗೆ. ಹಿಮ ಮುಟ್ಟಬೇಕು, ಮಂಜುಗಡ್ಡೆಯ ಗುಹೆಯಲ್ಲಿ ಜಾರಬೇಕು, ನಡುವೆ ಬಿಸಿ ಊಟ ಬೇಕು ಎನ್ನುವ ಮೂರು ತಲೆಮಾರಿನ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮೇ ತಿಂಗಳಲ್ಲಿ ನೀವು ಆರಿಸಬೇಕಾದದ್ದೂ ಇದನ್ನೇ.

ಆಲೆಚ್‌ನ ತೆಂಕಣ ದಂಡೆ: ನನ್ನ ಪಕ್ಷಪಾತ

ಅದೇ ನದಿಯ ನಡಿಗೆಯನ್ನು ನೋಡಬೇಕಾದರೆ ಈ ಕಡೆ ಬರಬೇಕು. ಬ್ರಿಗ್ ಪಟ್ಟಣದಿಂದ ರೋನ್ ಕಣಿವೆಯಲ್ಲಿ ಹೋಗುವ ಕೆಂಪು ರೈಲು ಹಿಡಿದರೆ ಮೂರು ನಿಲ್ದಾಣ, ಮೂರು ಬೆಟ್ಟ. ಮೋರೆಲ್‌ನಲ್ಲಿ ಇಳಿದರೆ ರೀಡರ್‌ಆಲ್ಪ್ ಹಳ್ಳಿ, ಅಲ್ಲಿಂದ 2,333 ಮೀಟರಿನ ಮೂಸ್‌ಫ್ಲೂ. ಬೆಟ್ಟನ್‌ನಲ್ಲಿ ಇಳಿದರೆ ಬೆಟ್‌ಮರ್‌ಆಲ್ಪ್ ಹಳ್ಳಿ, ಅಲ್ಲಿಂದ 2,647 ಮೀಟರಿನ ಬೆಟ್‌ಮರ್‌ಹಾರ್ನ್. ಫೀಶ್‌ನಲ್ಲಿ ಇಳಿದರೆ ನಿಲ್ದಾಣದ ಒಳಗಿಂದಲೇ ಕೇಬಲ್ ಕಾರು, 2,869 ಮೀಟರಿನ ಎಗ್ಗಿಸ್‌ಹಾರ್ನ್ ಗುಡ್ಡಕ್ಕೆ. ಹಳ್ಳಿಗಳಲ್ಲಿ ಕಾರು ಓಡಿಸುವಂತಿಲ್ಲ. ಟಿಕೆಟ್ ಯುಂಗ್‌ಫ್ರೌಯೋಖ್‌ನ ಕಾಲು ಭಾಗದ ಆಸುಪಾಸು.

ಎರಡನೆಯ ಸಲ ಹೋದಾಗ ಬೆಟ್‌ಮರ್‌ಹಾರ್ನ್‌ನ ಕಟ್ಟೆಯ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ಕುಳಿತಿದ್ದೆ. ಕೆಳಗೆ ಸುಮಾರು 20 ಕಿಲೋಮೀಟರ್ ಉದ್ದದ ಆ ಮಂಜುಗಡ್ಡೆಯ ನದಿ ಎಡದಿಂದ ಬಲಕ್ಕಲ್ಲ, ದೂರದ ಬಿಳಿ ಶಿಖರಗಳಿಂದ ನೇರ ನನ್ನ ಕಡೆಗೆ ಬಂದು, ಕಾಲಬುಡದಲ್ಲಿ ಸೊಂಟ ತಿರುಗಿಸಿ ಎಡಕ್ಕೆ ಬಾಗಿ ಹೋಗುತ್ತಿತ್ತು. ನಡುಮಧ್ಯೆ ಎರಡು ಕರಿ ಪಟ್ಟೆಗಳು, ಎತ್ತಿನ ಗಾಡಿ ಹೋದ ಜಾಡಿನಂತೆ, ಎಲ್ಲೂ ಒಂದನ್ನೊಂದು ಮುಟ್ಟದೆ ಕೊನೆಯ ತನಕ. ಮೇಲೆ ಕೊಂಕೋರ್ಡಿಯಾ ಎಂಬ ಬಯಲಿನಲ್ಲಿ ಹಿಮನದಿಗಳು ಕೂಡುವಾಗ ಅವುಗಳ ದಂಡೆಯ ಕಲ್ಲುಪುಡಿ ನಡುವೆ ಸಿಕ್ಕಿಕೊಂಡು ಹೀಗೆ ಗೆರೆಯಾಗುತ್ತದೆ. ಎರಡು ಪಟ್ಟೆ ಎಂದರೆ ಮೂರು ನದಿಗಳು ಒಂದಾಗಿವೆ ಎಂದು ಲೆಕ್ಕ. ನದಿ ತನ್ನ ಸಂಗಮದ ದಾಖಲೆಯನ್ನು ಬೆನ್ನ ಮೇಲೇ ಬರೆದುಕೊಂಡು ಬರುತ್ತದೆ. ಸದ್ದೇ ಇಲ್ಲ ಎಂದುಕೊಳ್ಳುತ್ತಿರುವಾಗ ಒಳಗೆಲ್ಲೋ ಟಪ್ ಎಂದು ಬಿರಿದ ಸದ್ದು, ಆಮೇಲೆ ಕಲ್ಲು ಉರುಳಿದ ಸದ್ದು. ಮೇ ತಿಂಗಳಲ್ಲಿ ಬಂದಿದ್ದರೆ ಈ ಪಟ್ಟೆಗಳು ಕಾಣುತ್ತಿರಲಿಲ್ಲ, ಕೇಬಲ್ ಕಾರೂ ಇರುತ್ತಿರಲಿಲ್ಲ.

ಕೊಂಕೋರ್ಡಿಯಾದಲ್ಲಿ ಮಂಜುಗಡ್ಡೆಯ ದಪ್ಪ ಸುಮಾರು 800 ಮೀಟರ್. ಅಲ್ಲಿ 1877ರಲ್ಲಿ ಚಾರಣಿಗರಿಗೆಂದು ಬಂಡೆಯ ಮೇಲೆ ತಂಗುಮನೆ ಕಟ್ಟಿದಾಗ ಹಿಮನದಿ ಅದರ ಹೊಸ್ತಿಲಿಗೆ ಹತ್ತಿರವಿತ್ತು. ಈಗ ನದಿ ತಗ್ಗಿ ತಗ್ಗಿ, ಮನೆ ಮುಟ್ಟಲು ಬಂಡೆಗೆ ಜೋಡಿಸಿದ 400ಕ್ಕೂ ಹೆಚ್ಚು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಫೀಶ್ ಸುತ್ತಲಿನ ಹಳ್ಳಿಯವರು 1678ರಲ್ಲಿ ಹರಕೆ ಹೊತ್ತಿದ್ದರು: ಹಿಮನದಿ ಬೆಳೆದು ಬಂದು ನಮ್ಮ ಹೊಲಮನೆ ನುಂಗದಿರಲಿ ಎಂದು. ದೇವರು ಅತಿಯಾಗಿಯೇ ಕೇಳಿಸಿಕೊಂಡ. ಈಗ ಅದೇ ಜನ ಪೋಪರ ಒಪ್ಪಿಗೆ ಪಡೆದು ಪ್ರಾರ್ಥನೆಯನ್ನು ತಿರುವಿದ್ದಾರೆ. ಹಿಮನದಿ ಕರಗದೆ ಉಳಿಯಲಿ ಎಂದು ಬೇಡುತ್ತಾರೆ. 2022 ಮತ್ತು 2023, ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಶೇ 10ರಷ್ಟನ್ನು ಕಳೆದುಕೊಂಡಿವೆ.

ಮೂರರಲ್ಲಿ ಯಾವುದು? ವಯಸ್ಸಾದವರು ಜೊತೆಗಿದ್ದರೆ ಬೆಟ್‌ಮರ್‌ಹಾರ್ನ್. ಗೊಂಡೊಲಾ ಎಂಬ ಪುಟ್ಟ ಕೇಬಲ್ ಕಾರಿನಿಂದ ಇಳಿದು ನಾಲ್ಕು ಹೆಜ್ಜೆಗೆ ನೋಟ. ದೂರದ ತನಕ, ಕೊಂಕೋರ್ಡಿಯಾದ ತನಕ ಕಾಣಬೇಕೆಂದರೆ ಎಗ್ಗಿಸ್‌ಹಾರ್ನ್. ಮೋಡ ಕೆಳಗೆ ಇಳಿದು ಎತ್ತರದ ಎರಡೂ ಗುಡ್ಡ ಮುಚ್ಚಿದ್ದರೆ ಮೂಸ್‌ಫ್ಲೂ. ತಗ್ಗಿನಲ್ಲಿರುವುದೇ ಅದರ ಉಪಕಾರ. ಹಿಮನದಿಯ ಆಸರೆ ತಪ್ಪಿದ ಮೇಲೆ ಅದರ ಪಕ್ಕದ ಇಳಿಜಾರು ಜಾರುತ್ತಿದೆ, 2016ರಿಂದ ಕೆಲವು ಕಾಲುದಾರಿಗಳನ್ನು ಮುಚ್ಚಿದ್ದಾರೆ. ಮುಚ್ಚಿದ ದಾರಿಯ ಹಗ್ಗ ದಾಟುವ ಸಾಹಸ ಬೇಡ. 2025ರ ಮೇ 28ರಂದು ಪಕ್ಕದ ಲೋಟ್ಷನ್ ಕಣಿವೆಯಲ್ಲಿ ಬಿರ್ಖ್ ಹಿಮನದಿ ಕುಸಿದು ಬ್ಲಾಟನ್ ಎಂಬ ಹಳ್ಳಿಯ ಬಹುಭಾಗವನ್ನು ಹೂತುಹಾಕಿತು. ಒಂಬತ್ತು ದಿನ ಮೊದಲೇ ಊರು ಖಾಲಿ ಮಾಡಿಸಿದ್ದರಿಂದ ಸುಮಾರು 300 ಜನ ಉಳಿದುಕೊಂಡರು.

ಗೋರ್ನರ್‌ಗ್ರಾಟ್: ಮೋಡಕ್ಕೂ ಒಂದು ಪರ್ಯಾಯ

ಜೆರ್ಮಾಟ್‌ನಿಂದ 33 ನಿಮಿಷ, 3,089 ಮೀಟರ್. 1898ರಿಂದ ಓಡುತ್ತಿರುವ ಹಲ್ಲುಹಳಿಯ ವಿದ್ಯುತ್ ರೈಲು. ಉದ್ದದ ಸುರಂಗವಿಲ್ಲ, ಹೋಗುವ ದಾರಿ ಬಹುಪಾಲು ನೋಟವೇ. ಮೇಲೆ ಒಂದು ಕಡೆ ಗೋರ್ನರ್ ಹಿಮನದಿ ಮತ್ತು 4,634 ಮೀಟರಿನ ಮೋಂಟೆ ರೋಸಾ, ಇನ್ನೊಂದು ಕಡೆ 4,478 ಮೀಟರಿನ ಮ್ಯಾಟರ್‌ಹಾರ್ನ್. ಇದರ ದೊಡ್ಡ ಗುಣ ಏನೆಂದರೆ ಒಂದು ದಿಕ್ಕು ಮುಚ್ಚಿದರೂ ಇನ್ನೊಂದು ತೆರೆದಿರುವುದುಂಟು. ಮ್ಯಾಟರ್‌ಹಾರ್ನ್ ಬಿಸಿಲಿನ ದಿನವೂ ಮಧ್ಯಾಹ್ನದ ಹೊತ್ತಿಗೆ ತನ್ನದೇ ಮೋಡದ ಬಾವುಟ ಕಟ್ಟಿಕೊಳ್ಳುತ್ತದೆ. ಅದನ್ನು ಪೂರ್ತಿ ನೋಡಲು ಬೆಳಿಗ್ಗೆಯೇ ಸರಿ. ರಾತ್ರಿ ಜೆರ್ಮಾಟ್‌ನಲ್ಲಿ ತಂಗಿದರೆ ಸೂರ್ಯೋದಯಕ್ಕೆ ಆ ಶಿಖರ ಕೆಂಪಾಗುವುದನ್ನು ಊರಿನ ಸೇತುವೆಯಿಂದಲೇ ಬಿಟ್ಟಿಯಾಗಿ ನೋಡಬಹುದು. ಟ್ರಾವೆಲ್ ಪಾಸ್ ಇದ್ದವರಿಗೆ ರೈಲು ಅರ್ಧ ದರ. ಆದರೆ ಜೆರ್ಮಾಟ್‌ನ ಹೋಟೆಲು ದುಬಾರಿ, ಊರು ಕಣಿವೆಯ ಕೊನೆಯಲ್ಲಿದೆ. ಹವಾಮಾನ ಕೆಟ್ಟರೆ ಬೇರೆ ಕಡೆ ಓಡಲು ಸಮಯ ಹಿಡಿಯುತ್ತದೆ.

ಶಮೊನಿ: ಗಾಳಿಯ ಊರು, ನೆನಪಿನ ಊರು

ಫ್ರಾನ್ಸಿನ ಶಮೊನಿಯಲ್ಲಿ ಎರಡು ಬೇರೆ ಬೇರೆ ಪಂದ್ಯ. ಎಗ್ವಿ ದ್ಯು ಮಿದಿ ಎಂಬ ಸೂಜಿಮೊನೆಗೆ ಕೇಬಲ್ ಕಾರು 1,035 ಮೀಟರಿನಿಂದ 20 ನಿಮಿಷದಲ್ಲಿ ಏರಿಸುತ್ತದೆ. ಕೊನೆಯ ಲಿಫ್ಟ್ ಸೇರಿ 3,842 ಮೀಟರ್. ಆಕಾಶ ತಿಳಿಯಾಗಿದ್ದರೆ ಇಲ್ಲಿ ಹೇಳಿದ ಎಲ್ಲ ನೋಟಗಳಿಗಿಂತ ಇದು ಮೇಲು ಎಂದು ಒಪ್ಪುತ್ತೇನೆ. ಆದರೆ ಗಾಳಿ ಎದ್ದರೆ ಮೊದಲು ನಿಲ್ಲುವುದೂ ಇದೇ. ಇಷ್ಟು ಬೇಗ ಇಷ್ಟು ಎತ್ತರಕ್ಕೆ ಏರಿದರೆ ತಲೆ ತಿರುಗುವುದು ಸಹಜ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು, ಕೈಗೂಸುಗಳನ್ನು ಒಯ್ಯಲೇಬಾರದು. ಇನ್ನೊಂದು, ಮೋಂಟನ್ವೇರ್‌ನ ಹಲ್ಲುಹಳಿ ರೈಲು. 1,913 ಮೀಟರಿಗೆ ಮಾತ್ರ ಹೋಗುವುದರಿಂದ ಮೇಲಿನ ಶಿಖರ ಮುಚ್ಚಿದ ದಿನವೂ ಫ್ರಾನ್ಸಿನ ಅತಿ ದೊಡ್ಡ ಹಿಮನದಿ ಮೇರ್ ದ ಗ್ಲಾಸ್ ಕಾಣಬಹುದು. ಕಾಣುವುದು ಬಹುಪಾಲು ಬೂದಿಬಣ್ಣದ ಕಲ್ಲುರಾಶಿ, ಅದರಡಿ ಗಡ್ಡೆ. ಹಿಮಗುಹೆಗೆ ಇಳಿಯಲು ವರ್ಷ ವರ್ಷವೂ ಮೆಟ್ಟಿಲು ಸೇರಿಸುತ್ತಾ 500 ದಾಟಿತ್ತು. 2024ರಲ್ಲಿ ಮೇಲುಗಡೆ ಹೊಸ ಗೊಂಡೊಲಾ ಹಾಕಿದರು.

ಶಮೊನಿಯ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಮಾಂಟ್ ಬ್ಲಾಂಕ್‌ನಿಂದ ಇಳಿದು ಬರುವ ಬೊಸ್ಸೋನ್ ಹಿಮನದಿ ಕಾಣುತ್ತದೆ. ಅದನ್ನು ನೋಡಲು ಟಿಕೆಟ್ ಬೇಡ, ನನ್ನನ್ನು ಅದರಷ್ಟು ಹೊತ್ತು ನಿಲ್ಲಿಸಿದ ಹಿಮನದಿ ಬೇರೆ ಇಲ್ಲ. 1966ರ ಜನವರಿ 24ರಂದು ಜಿನೀವಾಕ್ಕೆ ಇಳಿಯಬೇಕಿದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಮಾಂಟ್ ಬ್ಲಾಂಕ್‌ಗೆ ಬಡಿಯಿತು. 117 ಜನ ಹೋದರು. ಅವರಲ್ಲಿ ಹೋಮಿ ಭಾಭಾ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆಯಿಂದ ಭಾರತದಲ್ಲಿ ತಮ್ಮ ವೃತ್ತಿಬದುಕು ಶುರುಮಾಡಿದ್ದವರು. ಅದಕ್ಕೂ ಮೊದಲು, 1950ರ ನವೆಂಬರ್‌ನಲ್ಲಿ, ಏರ್ ಇಂಡಿಯಾದ್ದೇ ಇನ್ನೊಂದು ವಿಮಾನ ‘ಮಲಬಾರ್ ಪ್ರಿನ್ಸೆಸ್’ ಅದೇ ಪರ್ವತದಲ್ಲಿ ಬಿದ್ದಿತ್ತು. ಹಿಮನದಿ ನುಂಗಿದ್ದನ್ನು ತನ್ನ ವೇಗದಲ್ಲಿ ಕೆಳಗೆ ತಂದು ಒಪ್ಪಿಸುತ್ತಿದೆ: 2012ರಲ್ಲಿ ಭಾರತದ ರಾಜತಾಂತ್ರಿಕ ಅಂಚೆಚೀಲ, 2020ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗುವ ಸುದ್ದಿಯಿದ್ದ ನಮ್ಮ ದಿನಪತ್ರಿಕೆಗಳು, ಓದುವಷ್ಟು ಚೆನ್ನಾಗಿ.

ಉಳಿದವುಗಳ ಬಗ್ಗೆ ಎರಡೇ ಮಾತು. ಟಿಟ್ಲಿಸ್ ಬೆಟ್ಟ ಹಿಮಕ್ಕೆ ಸರಿ, ಹಿಮನದಿಗೆ ಸಪ್ಪೆ. ಫುರ್ಕಾ ಕಣಿವೆದಾರಿಯ ರೋನ್ ಹಿಮನದಿಗೆ ಕಾರಿದ್ದರೆ ಅನುಕೂಲ, ರಸ್ತೆ ತೆರೆದಿರುವುದು ಸುಮಾರು ಜೂನ್‌ನಿಂದ ಅಕ್ಟೋಬರ್ ತನಕ. ಬಿಸಿಲಿಗೆ ಕರಗದಿರಲೆಂದು ಹಿಮನದಿಗೇ ಬಿಳಿ ಬಟ್ಟೆ ಹೊದಿಸಿದ್ದನ್ನು ನೋಡಿ ಅತ್ತೆ ‘ಪಾಪ’ ಎಂದಿದ್ದರು.

ತಂಗುವ ಊರು

ಸಾಮಾನ್ಯವಾಗಿ ಎಲ್ಲರೂ ಇಂಟರ್‌ಲಾಕನ್ ಎನ್ನುತ್ತಾರೆ. ನಾನು ಬ್ರಿಗ್ ಎನ್ನುತ್ತೇನೆ. ಇಂಟರ್‌ಲಾಕನ್‌ನಷ್ಟು ಅಂದದ ಊರಲ್ಲ, ಭಾರತೀಯ ಹೋಟೆಲುಗಳ ಸಾಲು ಇಲ್ಲ. ಆದರೆ ಗೋಡೆಯ ಎರಡೂ ಕಡೆಗೆ ಬಾಗಿಲಿರುವ ಊರು ಅದು. 2007ರಲ್ಲಿ ತೆರೆದ 34.6 ಕಿಲೋಮೀಟರಿನ ಲೋಟ್ಷ್‌ಬರ್ಗ್ ಸುರಂಗದ ಮೂಲಕ ಉತ್ತರದ ಸ್ಪೀಟ್ಸ್ ಊರಿಗೆ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿ ರೈಲು ಬದಲಿಸಿದರೆ ಇಂಟರ್‌ಲಾಕನ್. ಆಲೆಚ್‌ನ ಬೆಟ್ಟಗಳಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಜೆರ್ಮಾಟ್‌ಗೆ ಒಂದೂವರೆ ಗಂಟೆ. ಮೂರು ರಾತ್ರಿ ಇದ್ದರೆ ಮೂರೂ ಬೆಟ್ಟಗಳಲ್ಲಿ ಯಾವುದಾದರೂ ಒಂದರ ಮೇಲೆ ಬಿಸಿಲು ಸಿಗುವ ಸಂಭವ ಎಷ್ಟೋ ಹೆಚ್ಚು. ಯುಂಗ್‌ಫ್ರೌಯೋಖ್‌ಗೆ ಮಾತ್ರ ಅಲ್ಲಿಂದ ದೂರ, ಒಂದು ಕಡೆಗೇ ಮೂರು ಗಂಟೆ. ಹಾಗಾಗಿ ಮೇ ತಿಂಗಳ ಯಾತ್ರೆಗೆ ಇಂಟರ್‌ಲಾಕನ್ ಅಥವಾ ಸ್ಪೀಟ್ಸ್, ದಸರಾ ಯಾತ್ರೆಗೆ ಬ್ರಿಗ್. ಶಮೊನಿಯನ್ನು ಇವುಗಳ ಜೊತೆ ಕಲಸಬೇಡಿ; ಅದಕ್ಕೆ ಬೇರೆ ಎರಡು ರಾತ್ರಿ ಕೊಡಿ. ಷೆಂಗನ್ ವೀಸಾ ಎರಡೂ ದೇಶಕ್ಕೆ ನಡೆಯುತ್ತದೆ.

ಬೆಳಿಗ್ಗೆ ಏಳು ಗಂಟೆ

ಅಲ್ಲಿನ ಅನೇಕ ಹೋಟೆಲುಗಳ ತಿಂಡಿಕೋಣೆಯಲ್ಲಿ ಟಿವಿ ಸದ್ದಿಲ್ಲದೆ ಉರಿಯುತ್ತಿರುತ್ತದೆ. ಒಂದೊಂದು ಬೆಟ್ಟದ ಮೇಲಿನ ಕ್ಯಾಮೆರಾ ನಿಧಾನಕ್ಕೆ ಸುತ್ತು ತಿರುಗುತ್ತದೆ, ಮೂಲೆಯಲ್ಲಿ ಊರಿನ ಹೆಸರು, ಎತ್ತರ, ಉಷ್ಣಾಂಶ. ಬೆಣ್ಣೆ ಹಚ್ಚುತ್ತಾ ಊರಿನವರೂ ಅದನ್ನೇ ನೋಡುತ್ತಾರೆ. ಮೊಬೈಲಿನಲ್ಲಾದರೆ ನಿಮಗೆ ಬೇಕಾದ ಬೆಟ್ಟದ್ದನ್ನೇ ನೋಡಬಹುದು. ಹಿಂದಿನ ಒಂದೆರಡು ಗಂಟೆಯ ಚಿತ್ರಗಳನ್ನೂ ತಿರುವಿ ಮೋಡ ಏರುತ್ತಿದೆಯೋ ಕರಗುತ್ತಿದೆಯೋ ನೋಡಿ.

ಕಿಟಕಿಯ ಹೊರಗೆ ನೋಡಿ ತೀರ್ಮಾನಿಸಬೇಡಿ. ಅಕ್ಟೋಬರ್‌ನಲ್ಲಿ ತಗ್ಗಿನ ಊರುಗಳ ಮೇಲೆ ಬೂದು ಮಂಜಿನ ಚಪ್ಪರ ದಿನಗಟ್ಟಲೆ ಕೂರುತ್ತದೆ. ಬರ್ನ್‌ನಲ್ಲಿ ದೀಪ ಹಚ್ಚಿ ಕುಳಿತಿರುವಾಗ 1,500 ಮೀಟರಿನ ಮೇಲೆ ಬಿಸಿಲಿಗೆ ಕಣ್ಣು ಬಿಡಲಾಗದು. ಆಗಸ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧ: ಕೆಳಗೆ ಬಿಸಿಲು, ಮೇಲೆ ಹತ್ತಿಯ ಮೂಟೆ.

ಸ್ವಿಸ್ ಹವಾಮಾನ ಇಲಾಖೆಯ ಮೊಬೈಲ್ ಆ್ಯಪ್‌ನಲ್ಲಿ ಸೊನ್ನೆ ಡಿಗ್ರಿಯ ಎತ್ತರ ಎಂದು ಒಂದು ಅಂಕಿ ಇರುತ್ತದೆ. ಅದು 2,500 ಮೀಟರ್ ಎಂದಿದ್ದರೆ ಅದರ ಮೇಲಿನದ್ದೆಲ್ಲ ಹೆಪ್ಪುಗಟ್ಟಿದೆ ಎಂದರ್ಥ; ಸ್ವೆಟರ್ ಸಾಲದು. 2023ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಆ ರೇಖೆ 5,298 ಮೀಟರಿಗೆ, ಆಲ್ಪ್ಸ್‌ನ ಯಾವ ಶಿಖರವೂ ಮುಟ್ಟದಷ್ಟು ಮೇಲಕ್ಕೆ ಹೋಗಿತ್ತು. ಅಂಕಿ ಸಿಗದಿದ್ದರೆ ಬಾಯಿಲೆಕ್ಕ: ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಸಿ. ಇಂಟರ್‌ಲಾಕನ್‌ನಲ್ಲಿ 22 ಇದ್ದರೆ ಯುಂಗ್‌ಫ್ರೌಯೋಖ್‌ನಲ್ಲಿ 3ರ ಆಸುಪಾಸು, ಗಾಳಿ ಬೇರೆ. ಟೊಪ್ಪಿಗೆ ಮರೆತರೂ ಕಪ್ಪು ಕನ್ನಡಕ ಮರೆಯಬೇಡಿ.

ಐದು ದಿನದ ಮುನ್ಸೂಚನೆಯಿಂದ ಗಾಳಿಯ ದಿಕ್ಕು ತಿಳಿದುಕೊಳ್ಳಿ, ಅಷ್ಟು ಸಾಕು. ಹಿಂದಿನ ರಾತ್ರಿ ಒಂದೆರಡು ಬೆಟ್ಟ ಗುರುತುಮಾಡಿಟ್ಟು, ಬೆಳಿಗ್ಗೆ ಕ್ಯಾಮೆರಾ ನೋಡಿ ಒಂದನ್ನು ಆರಿಸಿ, ಆಮೇಲೆ ಟಿಕೆಟ್ ಕೊಳ್ಳಿ. ಬೇಸಿಗೆಯ ನೂಕುನುಗ್ಗಲಿನಲ್ಲಿ ಯುಂಗ್‌ಫ್ರೌಯೋಖ್‌ಗೆ ಮೊದಲೇ ಸೀಟು ಕಾಯ್ದಿರಿಸಬೇಕಾಗಬಹುದು. ಒಂದು ದಿನ ಮೊದಲು ಸಾಕು, ಎರಡು ತಿಂಗಳು ಬೇಡ.

ಎಲ್ಲ ಕ್ಯಾಮೆರಾಗಳೂ ಬಿಳಿಯಾಗಿರುವ ದಿನವೂ ಬರುತ್ತದೆ. ಆಗ ಲೌಟರ್‌ಬ್ರುನ್ನನ್ ಕಣಿವೆಯ ಟ್ರ್ಯುಮ್ಮೆಲ್‌ಬಾಖ್‌ಗೆ ಹೋಗಿ. ಐಗರ್, ಮೋಂಖ್, ಯುಂಗ್‌ಫ್ರೌ ಮೂರರ ಹಿಮನದಿಗಳು ಕರಗಿದ ನೀರು ಬಂಡೆಯ ಒಳಗೇ ಹತ್ತು ಜಲಪಾತಗಳಾಗಿ ಸುತ್ತಿ ಸುತ್ತಿ ಬೀಳುತ್ತದೆ. ನೀರು ಹೆಚ್ಚಿದಾಗ ಸೆಕೆಂಡಿಗೆ 20,000 ಲೀಟರ್ ತನಕ. ಬಂಡೆಯೊಳಗಿನ ಲಿಫ್ಟ್‌ನಲ್ಲಿ ಹತ್ತಿ ಮೆಟ್ಟಿಲಿನಲ್ಲಿ ಇಳಿಯಬಹುದು. ನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಬಿಡುವುದಿಲ್ಲ, ಮೆಟ್ಟಿಲು ಜಾರುತ್ತದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮಳೆಯಂಗಿಯನ್ನು ಹೊರಗೆ ಮಡಚಿಡಬೇಡಿ. ಒಳಗೇ ಹೆಚ್ಚು ನೆನೆಯುತ್ತೀರಿ.